ನಾಯಕ್ ಮುನಿಯಪ್ಪನವರ ಪಹರೆ

ನನ್ನ ಕುರ್ಚಿಗೆ ಈಗ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, "ಮೇಡಂ, ಈ ಸೀಟಲ್ಲಿ ಕೆಲ್ಸ ಹೇಗ್ ಮಾಡ್ಬೇಕು ಅಂತ ಸ್ವಲ್ಪ ಬರ್ದು ಕೊಡ್ತೀರಾ?" ಎಂದಳು. ನಿಯಮಗಳೆಲ್ಲ ಫೈಲಿನಲ್ಲಿವೆಯಲ್ಲ ತಾಯಿ ಎಂದೆ. "ಅದನ್ನ ಓದಿದೆ ಮೇಡಂ. ಅದರಲ್ಲಿ ಮನುಷ್ಯರೇ ಇಲ್ಲ" ಎಂದಳು. ಹುಡುಗಿ ಚುರುಕಾಗಿದ್ದಾಳೆ, ಆ ಕುರ್ಚಿಯಲ್ಲಿ ಬಾಳುತ್ತಾಳೆ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ನನ್ನನ್ನು ಹಿಂದಿಕ್ಕಿದರು ಎಂಬುದನ್ನೆಲ್ಲ ಇಲ್ಲಿ ಹುಡುಕಬೇಡಿ. ಎರಡು ಬಡ್ತಿ ಸಿಕ್ಕಿತು. ಎರಡು ಸಲವೂ ಮೇಜು ಬದಲಾಗಲಿಲ್ಲ, ಕುರ್ಚಿಗೆ ಒಂದು ದಿಂಬು ಬಂತು, ಅಷ್ಟೆ.

ನಮ್ಮ ಆಫೀಸು ಇದ್ದದ್ದು ಕಂಟೋನ್ಮೆಂಟಿನ ಒಂದು ಹಳೇ ಬಂಗಲೆಯಲ್ಲಿ. ಶಿವಾಜಿನಗರದ ಬಸ್ ಸ್ಟ್ಯಾಂಡಿನಿಂದ ನಡೆದು ಹೋದರೆ ಒಂದು ಸೀರೆಯ ನೆರಿಗೆ ಕೆಡುವಷ್ಟು ದೂರ. ಸೈನ್ಯದಿಂದ ನಿವೃತ್ತರಾದವರಿಗೆ ಸರಕಾರ ಕೊಡುವ ಸವಲತ್ತುಗಳನ್ನು ನೋಡಿಕೊಳ್ಳುವುದು ಅದರ ಕೆಲಸ. ಅದರಲ್ಲಿ ನನ್ನದು ವಿದ್ಯಾಭ್ಯಾಸದ ಮೇಜು. ಮಾಜಿ ಸೈನಿಕರ ಮಕ್ಕಳಿಗೆ ವಿದ್ಯಾರ್ಥಿವೇತನ, ಪುಸ್ತಕಕ್ಕೆ ನೆರವು, ಹಾಸ್ಟೆಲಿಗೆ ಪತ್ರ, ಇವೆಲ್ಲ ವರ್ಷವಿಡೀ ನಡೆಯುತ್ತಿತ್ತು. ಮೇ ಜೂನ್ ಬಂತೆಂದರೆ ಇವೆಲ್ಲ ಮೂಲೆಗೆ ಸರಿದು ಒಂದೇ ಒಂದು ಕೆಲಸ ಉಳಿಯುತ್ತಿತ್ತು. ವೃತ್ತಿ ಕಾಲೇಜುಗಳಲ್ಲಿ ಸೈನಿಕರ ಮಕ್ಕಳಿಗೆಂದು ಬೆರಳೆಣಿಕೆಯ ಸೀಟುಗಳಿದ್ದವು. ಆ ಸೀಟು ಕೇಳಬೇಕಾದರೆ ಅಪ್ಪ ನಿಜಕ್ಕೂ ಸೈನಿಕನಾಗಿದ್ದ ಎಂದು ನಮ್ಮ ಆಫೀಸು ಬರೆದುಕೊಡಬೇಕಿತ್ತು.

ನಾನು ಹಲಸೂರಿನವಳು. ಸೈನ್ಯಕ್ಕೂ ನಮಗೂ ಇದ್ದ ನಂಟು ಇಷ್ಟೇ, ನಮ್ಮಪ್ಪ ದರ್ಜಿ, ಮಿಲಿಟರಿಯವರ ಪ್ಯಾಂಟು ಹೊಲಿಯುತ್ತಿದ್ದರು. ಹಾಗಾಗಿ ತೊಂಬತ್ತರ ಹೊಸ್ತಿಲಲ್ಲಿ ಕೆಲಸಕ್ಕೆ ಸೇರಿದಾಗ ಭಾರತೀಯ ಸೇನೆಯ ಬಗ್ಗೆ ನನಗೆ ಗೊತ್ತಿದ್ದದ್ದು ಅದರ ಸೊಂಟದ ಅಳತೆ ಮಾತ್ರ.

ಮೊದಲ ವಾರವೇ ಎಡವಿದೆ. ಲುಂಗಿ ಉಟ್ಟು ಮಾಸಿದ ಶರ್ಟು ತೊಟ್ಟ ಹಿರಿಯರೊಬ್ಬರು ಬಂದು ಪುಸ್ತಕ ನೆರವಿನ ಅರ್ಜಿ ಕೇಳಿದರು. ನಾನು ತಲೆ ಎತ್ತದೆ, "ಅಲ್ಲಿ ಬೆಂಚಿದೆ, ಕೂತ್ಕೊಳ್ಳಿ ಯಜಮಾನ್ರೇ, ಕರೀತೀನಿ" ಎಂದೆ. ಅವರು ಸುಮ್ಮನೆ ಹೋಗಿ ಕೂತರು. ಬೆಂಚಿನಲ್ಲಿದ್ದ ಆರು ಜನ ಮಾತ್ರ ಸ್ಪ್ರಿಂಗು ಚಿಮ್ಮಿದ ಹಾಗೆ ಎದ್ದು ನಿಂತರು. ನಮ್ಮ ಅಟೆಂಡರ್ ಮಸ್ತಾನ್ ಓಡಿ ಬಂದು ನನ್ನ ಕಿವಿಯಲ್ಲಿ, "ಅರೆ ಮೇಡಂ, ಬ್ರಿಗೇಡಿಯರ್ ಸಾಬ್ ಹೈ ಉನೋ!" ಎಂದ. ಬೆನ್ಸನ್ ಟೌನಿನ ಆ ಬ್ರಿಗೇಡಿಯರ್ ತಮ್ಮ ಮನೆಯ ಮಾಲಿಯ ಮಕ್ಕಳಿಗಾಗಿ ಅರ್ಜಿ ಕೇಳಲು ಬಂದಿದ್ದರು, ಮಾಲಿ ಹಳೆಯ ಸಿಪಾಯಿ. ನಾನು ಕ್ಷಮೆ ಕೇಳಿದರೆ, "ಸರಿಯಾಗೇ ಹೇಳಿದ್ರಮ್ಮ, ನನ್ನನ್ನ ಕೂತ್ಕೋ ಅನ್ನೋರೇ ಯಾರೂ ಇರ್ಲಿಲ್ಲ" ಎಂದು ನಕ್ಕರು. ಅವರು ಹೋದ ಮೇಲೆ ಮಸ್ತಾನ್ ನನಗೆ ಪಾಠ ಹೇಳಿಕೊಟ್ಟ. ಬಟ್ಟೆ ನೋಡಬೇಡಿ, ಕಾಲು ನೋಡಿ. ಪಾಲಿಶ್ ಇದ್ದರೆ ಸಿಪಾಯಿ ಅಥವಾ ಹವಾಲ್ದಾರ್. ಹರಿದ ಹವಾಯಿ ಚಪ್ಪಲಿ ಇದ್ದರೆ ದೊಡ್ಡ ಅಧಿಕಾರಿ. ಹದಿನೆಂಟು ವರ್ಷ ಈ ಸೂತ್ರ ನನಗೆ ಒಮ್ಮೆಯೂ ಕೈಕೊಡಲಿಲ್ಲ.

ನಮ್ಮ ಕೆಲಸದಲ್ಲಿ ನಗದೆ ಇರುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಕಮ್ಮನಹಳ್ಳಿಯ ಒಬ್ಬ ಹವಾಲ್ದಾರರು ತಮ್ಮ ಮಗನ ಅರ್ಜಿಯಲ್ಲಿ 'ಯುದ್ಧದಲ್ಲಿ ಗಾಯಗೊಂಡವರ ಮಗ' ಎಂಬ ಕಡೆ ಗುರುತು ಹಾಕಿದ್ದರು. ಆ ವರ್ಗದವರಿಗೆ ಆದ್ಯತೆ ಹೆಚ್ಚು. ಮಂಡಿಯ ಗಾಯವೇನೋ ನಿಜ, ಗಡಿಯಲ್ಲಿ ಆದದ್ದೂ ನಿಜ. ಕಾಗದಗಳನ್ನು ಪೂರ್ತಿ ಓದಿದರೆ ಅದು ಎರಡು ತುಕಡಿಗಳ ನಡುವಿನ ವಾಲಿಬಾಲ್ ಪಂದ್ಯದಲ್ಲಿ ಆದ ಗಾಯ. ನಮ್ಮ ಮೇಲಧಿಕಾರಿ ಕರ್ನಲ್ ಸಾಹೇಬರು ಅರ್ಜಿಯನ್ನು ಎರಡು ಸಲ ಓದಿ, ಗಂಭೀರವಾಗಿ ಒಂದೇ ಪ್ರಶ್ನೆ ಕೇಳಿದರು. "ಯಾರು ಗೆದ್ರು?" ಹವಾಲ್ದಾರರು ಎದೆಯುಬ್ಬಿಸಿ, "ನಾವೇ ಸಾಬ್!" ಎಂದರು. "ಗೆದ್ದ ಮೇಲೆ ಇನ್ನೇನ್ ಪರಿಹಾರ?" ಎಂದು ಸಾಹೇಬರು ಗುರುತನ್ನು ಹೊಡೆದುಹಾಕಿ ಸಾಮಾನ್ಯ ವರ್ಗದಲ್ಲಿ ಸೇರಿಸಿದರು. ಹವಾಲ್ದಾರರು ಸಲ್ಯೂಟ್ ಹೊಡೆದು ಹೋದರು. ನಾನು ರೆಕಾರ್ಡ್ ರೂಮಿಗೆ ಹೋಗಿ ನಕ್ಕು ಬಂದೆ.

ಇನ್ನೊಂದು. ಹದಿನೈದು ವರ್ಷ ಸೇವೆ ಮಾಡಿದ ಮೆಟ್ರಿಕ್ ಪಾಸಾದ ಸೈನಿಕರಿಗೆ ಪದವಿಗೆ ಸಮಾನ ಎಂಬ ಪ್ರಮಾಣಪತ್ರ ಸಿಗುತ್ತದೆ. ಕೆಲವು ಸರಕಾರಿ ಕೆಲಸಗಳಿಗೆ ಅರ್ಜಿ ಹಾಕಲು ಅದು ಸಾಕು. ಹಲಸೂರಿನ ಒಬ್ಬರು ಅದನ್ನು ಕಟ್ಟು ಹಾಕಿಸಿ, ಮನೆಯ ಗೋಡೆಯಲ್ಲಿ ಹೆಂಡತಿಯ ಬಿ.ಎ. ಪದವಿಯ ಪಕ್ಕದಲ್ಲೇ ತೂಗುಹಾಕಿದರು. ಮಾರನೇ ದಿನ ಆಕೆ ನಮ್ಮ ಆಫೀಸಿನಲ್ಲಿ. "ಮೂರು ವರ್ಷ ಬಸ್ಸಲ್ಲಿ ನೇತಾಡ್ಕೊಂಡು ಕಾಲೇಜಿಗ್ ಹೋಗಿ ನಾನು ಪಾಸಾದೆ ಕಣ್ರೀ. ಇವ್ರಿಗೆ ಬಂದೂಕು ಹಿಡ್ದಿದ್ದಕ್ಕೆ ಡಿಗ್ರಿನಾ? ಯಾವ ಸಬ್ಜೆಕ್ಟು? ಕೇಳಿ ಅವ್ರನ್ನ, ಯಾವ ಸಬ್ಜೆಕ್ಟು ಅಂತ!" ನಾನು ನಿಯಮ ವಿವರಿಸಿದೆ. ಕೊನೆಗೆ ಆಕೆ ಒಂದು ರಾಜಿಗೆ ಒಪ್ಪಿದರು, ಪ್ರಮಾಣಪತ್ರ ಗೋಡೆಯಲ್ಲೇ ಇರಲಿ, ಆದರೆ ತಮ್ಮದಕ್ಕಿಂತ ಒಂದು ಗೇಣು ಕೆಳಗೆ. ನಾನು ಪರಿಹರಿಸಿದ ದೂರುಗಳಲ್ಲಿ ಎರಡೂ ಕಡೆಯವರು ಸಂತೋಷಪಟ್ಟದ್ದು ಅದೊಂದೇ.

ಇಷ್ಟೆಲ್ಲ ಬರೆದದ್ದು ನಿಜ ಹೇಳಬೇಕೆಂದರೆ ಮುಂದಿನ ಮಾತನ್ನು ಸ್ವಲ್ಪ ಮುಂದೂಡಲು. ನನ್ನ ವೃತ್ತಿಯ ಅತಿ ದೊಡ್ಡ ಎಡವಟ್ಟನ್ನು ಹೇಳದೆ ಈ ಬರಹ ಮುಗಿಸಿದರೆ ಮೋಸವಾಗುತ್ತದೆ.

ತೊಂಬತ್ತರ ದಶಕದ ಕೊನೆಯ ಭಾಗ. ಆಗಿನ ಪದ್ಧತಿ ಹೀಗಿತ್ತು. ಸೀಟಿಗಾಗಿ ಬಂದ ಅರ್ಜಿಗಳನ್ನು ನಾನು ಪರೀಕ್ಷಿಸಿ, ರಿಜಿಸ್ಟರಿನಲ್ಲಿ ಬರೆದು, ಕೊನೆಯ ದಿನ ಎಲ್ಲ ಹೆಸರುಗಳ ಪಟ್ಟಿ ಟೈಪ್ ಮಾಡಬೇಕು. ಕರ್ನಲ್ ಸಾಹೇಬರು ಸಹಿ ಹಾಕಿ, ಲಕೋಟೆಗೆ ಅರಗಿನ ಮೊಹರು ಒತ್ತುತ್ತಿದ್ದರು. ಮಸ್ತಾನ್ ಅದನ್ನು ಸೈಕಲ್ಲಿನಲ್ಲಿ ಒಯ್ದು ಊರಿನ ಆ ತುದಿಯಲ್ಲಿದ್ದ ಪ್ರವೇಶದ ಆಫೀಸಿಗೆ ಸಂಜೆ ಏಳರೊಳಗೆ ಮುಟ್ಟಿಸಬೇಕು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆ ವರ್ಷ ಆ ಮಗುವಿಗೆ ಮೀಸಲು ಸೀಟು ಇಲ್ಲ. ದಿನಾ ಐದು ಗಂಟೆಗೆ ಸಾಹೇಬರೇ ಬಂದು ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆಯುತ್ತಿದ್ದರು. ಗೆರೆ ಬಿದ್ದ ಮೇಲೆ ಅರ್ಜಿ ಮುಟ್ಟುವಂತಿಲ್ಲ.

ಕೊನೆಯ ಮೂರು ದಿನ ಉಳಿದಿದ್ದಾಗ ಒಬ್ಬರು ನನ್ನ ಕಣ್ಣಿಗೆ ಬಿದ್ದರು. ಬಿಳಿ ಶರ್ಟು, ಸವೆದ ಹಿಮ್ಮಡಿಯ ಮೇಲೂ ಮುಖ ಕಾಣುವಷ್ಟು ಪಾಲಿಶ್ ಮಾಡಿದ ಬೂಟು. ಹೆಸರು ಮುನಿಯಪ್ಪ, ಸೈನ್ಯದಲ್ಲಿ ನಾಯಕ್ ಆಗಿದ್ದವರು. ನಾಯಕ್ ಎಂದರೆ ಸಿಪಾಯಿಗಿಂತ ಮೇಲೆ, ಹವಾಲ್ದಾರನಿಗಿಂತ ಕೆಳಗೆ. ಊರು ಕೆ.ಆರ್. ಪುರದಿಂದ ಮಹದೇವಪುರದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿ. ಬೆಳಿಗ್ಗೆ ಎಂಟೂವರೆಗೇ ಬಂದು ಸಾಲಿನ ತಲೆಯಲ್ಲಿ ನಿಲ್ಲುತ್ತಿದ್ದರು. ಸಂಜೆ ಕೆಂಪು ಗೆರೆ ಬೀಳುವಾಗಲೂ ಸಾಲಿನಲ್ಲೇ ಇರುತ್ತಿದ್ದರು, ಆದರೆ ಬಾಲದಲ್ಲಿ.

ಎರಡನೇ ದಿನ ಸಂಜೆ ಗೆರೆ ಬಿದ್ದ ಮೇಲೆ ಅವರನ್ನು ಕರೆದು ಕೇಳಿದೆ. "ಏನ್ರೀ ಮುನಿಯಪ್ಪನವರೇ, ಬೆಳಿಗ್ಗೆ ಮೊದಲ್ನೇ ಆಳು, ಸಾಯಂಕಾಲ ಕೊನೇ ಆಳು. ಏನ್ ಮಾಡ್ತೀರಾ ಮಧ್ಯದಲ್ಲಿ?"

"ಹವಾಲ್ದಾರ್ ಸಾಬ್ ಬಂದ್ರು ಮೇಡಂ. ಆಮೇಲೆ ಸುಬೇದಾರ್ ಸಾಬ್ ಬಂದ್ರು. ಅವ್ರು ಹಿಂದೆ ನಿಂತು ನಾನು ಮುಂದೆ ನಿಲ್ಲಕ್ಕಾಗತ್ತಾ?"

"ರಿಟೈರ್ ಆಗಿದೀರಲ್ರೀ!"

"ಅವ್ರೂ ಆಗವ್ರೆ. ಅದಕ್ಕೇ ಅವ್ರು ಈಗ್ಲೂ ಸುಬೇದಾರ್ರೇ, ನಾನು ಈಗ್ಲೂ ನಾಯಕ್ಕೇ."

ಅರ್ಜಿ ಯಾರಿಗೆಂದು ಕೇಳಿದೆ. ಮಗಳು ಭಾಗ್ಯಳಿಗೆ. ಪಿಯುಸಿಯಲ್ಲಿ ಒಳ್ಳೆಯ ಅಂಕ, ಪಶುವೈದ್ಯಕೀಯ ಓದುವ ಆಸೆ. "ಮನೇಲಿ ನಾಕು ಹಸ ಅವೆ ಮೇಡಂ. ಚಿಕ್ಕೋಳಿದ್ದಾಗ ಒಂದು ಕರು ಅವಳ ಮಡಿಲಲ್ಲೇ ಸತ್ತೋಯ್ತು. ಅವತ್ತಿಂದ ದನದ ಡಾಕ್ಟ್ರೇ ಆಗ್ಬೇಕು ಅಂತಾಳೆ. ನಮ್ಮಮ್ಮ ಹೇಳ್ಬಿಟ್ಟವ್ಳೆ, ಸೀಟ್ ಸಿಕ್ಕಿದ್ರೆ ಓದ್ಲಿ, ಇಲ್ದಿದ್ರೆ ಆಷಾಢ ಕಳೀತಿದ್ದಂಗೆ ನಮ್ಮಕ್ಕನ ಮಗನಿಗೆ ಕೊಟ್ಟು ಮದ್ವೆ ಮಾಡ್ಬಿಡೋದು ಅಂತ."

"ಹುಡುಗ ಹೇಗೆ?"

"ಒಳ್ಳೇವ್ನೇ ಮೇಡಂ. ಜಮೀನು ಮಾರಿದ್ ದುಡ್ಡಲ್ಲಿ ಎರಡು ಬೈಕ್ ತಗೊಂಡವ್ನೆ. ಎರಡನ್ನೂ ಒಟ್ಟಿಗೆ ಓಡ್ಸಕ್ಕಾಗಲ್ಲ ಅಂತ ಇನ್ನೂ ಗೊತ್ತಾಗಿಲ್ಲ."

ಆ ರಾತ್ರಿ ಅಡುಗೆ ಮಾಡುವಾಗಲೂ ನನಗೆ ಮುನಿಯಪ್ಪನವರದ್ದೇ ಯೋಚನೆ. ನಾಳೆ ಕೊನೆಯ ದಿನ. ಈ ಮನುಷ್ಯನಿಗೆ 'ಜಾಗ ಬಿಡಬೇಡಿ' ಎಂದು ಹೇಳಿ ಪ್ರಯೋಜನವಿಲ್ಲ, ಅದು ಅವರ ಮೂಳೆಯಲ್ಲೇ ಇದೆ. ಆಗ ನನಗೊಂದು ಉಪಾಯ ಹೊಳೆಯಿತು. ಎಷ್ಟು ಚೆಂದದ ಉಪಾಯವೆಂದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸೈನ್ಯದಲ್ಲಿ ಪಹರೆಗೆ ನಿಂತ ಸಿಪಾಯಿ ಜನರಲ್ ಬಂದರೂ ತಡೆಯಬಹುದು. ಪಹರೆಯಲ್ಲಿದ್ದಷ್ಟು ಹೊತ್ತು ಅವನಿಗಿಂತ ದೊಡ್ಡವರಿಲ್ಲ.

ಬೆಳಿಗ್ಗೆ ಎಂಟೂವರೆಗೇ ಹೋದೆ. ಮುನಿಯಪ್ಪ ಮೊದಲಿಗರಾಗಿ ನಿಂತಿದ್ದರು. "ನೋಡಿ ನಾಯಕ್ ಮುನಿಯಪ್ಪ, ಇವತ್ತು ನಿಮ್ಮನ್ನ ಈ ಬಾಗಿಲಿಗೆ ಪಹರೆ ಹಾಕಿದೀನಿ. ಯಾರೇ ಬರ್ಲಿ, ಸಾಲು ಬಿಟ್ಟು ಒಬ್ರೂ ಒಳಗ್ ಬರೋ ಹಾಗಿಲ್ಲ" ಎಂದೆ. ಅವರ ಬೆನ್ನು ಒಂದು ಅಂಗುಲ ಉದ್ದವಾಯಿತು. ಇಪ್ಪತ್ತು ವರ್ಷ ಚಿಕ್ಕವರಾದರು. "ನಿಮ್ಮ ಫೈಲು ಈಗ್ಲೇ ಕೊಡಿ" ಎಂದೂ ಕೇಳಿದೆ, ಅದನ್ನು ಇಲ್ಲಿ ದಾಖಲಿಸಲೇಬೇಕು. "ಮಾರ್ಕ್ಸ್ ಕಾರ್ಡಿನ ಕಾಪಿಗೆ ಸಹಿ ಬೇಕು ಅಂತ ನಿನ್ನೆ ಸಾಲಲ್ಲಿ ಗೊತ್ತಾಯ್ತು ಮೇಡಂ, ಮಾಡ್ಸಿ ಮಗಳು ಹನ್ನೊಂದಕ್ಕೆ ತರ್ತಾಳೆ, ಆಮೇಲೆ ಕೊಡ್ತೀನಿ" ಎಂದರು. ಸರಿ, ಊಟದ ಹೊತ್ತಿಗೆ ನಾನೇ ಬಂದು ತಗೋತೀನಿ ಎಂದೆ.

ಅವತ್ತು ನಮ್ಮ ಆಫೀಸು ಇದ್ದ ಹಾಗೆ ಮುಂದೆಂದೂ ಇರಲಿಲ್ಲ. ಸುಬೇದಾರ್ ಮೇಜರ್ ಒಬ್ಬರು ರೂಢಿಯಂತೆ ನೇರ ನುಗ್ಗಿದರು. ಮುನಿಯಪ್ಪ ಅಡ್ಡ ನಿಂತು, "ಲೈನ್ ಮೇ, ಸಾಬ್" ಎಂದರು. ಅವರು ಕೆಂಪಗಾದರು, ಮುನಿಯಪ್ಪನವರ ನಿಲುವು ನೋಡಿದರು, ಸುಮ್ಮನೆ ಹಿಂದೆ ಹೋದರು. ಹನ್ನೊಂದರ ಸುಮಾರಿಗೆ ಕರ್ನಲ್ ಸಾಹೇಬರು ಗೇಟಿನ ಹತ್ತಿರ ಯಾರನ್ನೋ ಮಾತಾಡಿಸಿ ವಾಪಸ್ ಬಂದರು. ಮುನಿಯಪ್ಪ ಅವರಿಗೂ ಸಲ್ಯೂಟ್ ಹೊಡೆದು, "ಲೈನ್ ಮೇ, ಸಾಬ್" ಎಂದುಬಿಟ್ಟರು. ಸಾಹೇಬರು ತಮ್ಮದೇ ಆಫೀಸಿಗೆ ಹೋಗಲು ನಾಲ್ಕು ಜನರ ಹಿಂದೆ ನಿಂತರು. ಅವರ ಮುಂದಿದ್ದ ನಾಲ್ವರ ಬೆನ್ನುಗಳನ್ನು ನೀವು ನೋಡಬೇಕಿತ್ತು, ಇಸ್ತ್ರಿ ಪೆಟ್ಟಿಗೆ ಇಟ್ಟ ಹಾಗೆ ನೆಟ್ಟಗಾಗಿದ್ದವು. ಸರದಿ ಬಂದಾಗ ನನ್ನ ಕೌಂಟರಿಗೆ ಬಂದು, "ಮಿಸೆಸ್ ರತ್ನಾ, ಹೂ ಈಸ್ ದಟ್ ಮ್ಯಾನ್?" ಎಂದರು.

"ನಮ್ಮ ಪಹರೆ ಸರ್."

"ಗುಡ್. ಕೀಪ್ ಹಿಮ್" ಎಂದು ಒಳಗೆ ಹೋದರು.

ನಾನು ಬೀಗಿದೆ. ಬೀಗಿದ್ದೇ ತಪ್ಪಾಯಿತು. ಭಾಗ್ಯ ಹನ್ನೊಂದಕ್ಕೆ ಬಂದು ಅಪ್ಪನ ಕೈಗೆ ಕಾಗದ ಕೊಟ್ಟು, ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕೆಂದು ಬಸ್ಸು ಹಿಡಿದು ಹೋದಳಂತೆ. ಊಟದ ಹೊತ್ತಿಗೆ ಟೈಪ್‌ರೈಟರಿನ ರಿಬ್ಬನ್ ಸಿಕ್ಕಿಕೊಂಡಿತು. ಅದನ್ನು ಬಿಡಿಸುತ್ತ ಬೆರಳೆಲ್ಲ ಮಸಿ ಮಾಡಿಕೊಂಡೆ. ಊಟ ಮಾಡಲಿಲ್ಲ, ಬಾಗಿಲ ಕಡೆ ಹೋಗಲೂ ಇಲ್ಲ. ಸಾಲು ಯಾವತ್ತಿಗಿಂತ ಚೆನ್ನಾಗಿ ಸಾಗುತ್ತಿತ್ತು, ಒಂದು ಜಗಳವಿಲ್ಲ, ಒಂದು ಗದ್ದಲವಿಲ್ಲ. ಬಾಗಿಲಲ್ಲಿ ಯಾರಾದರೂ ಇದ್ದಾರೆಂಬುದೇ ಮರೆತುಹೋಗುವಷ್ಟು ಸಲೀಸು. ಐದಕ್ಕೆ ಕೆಂಪು ಗೆರೆ ಬಿತ್ತು. ಅರವತ್ತಮೂರು ಹೆಸರಿನ ಪಟ್ಟಿ, ಮೂರು ಪ್ರತಿ, ಸಹಿ, ಮೊಹರು. ಮಸ್ತಾನ್ ಲಕೋಟೆ ತೆಗೆದುಕೊಂಡು ಹೊರಟ. ನಾನು ಮುಖ ತೊಳೆದು, ಬೀರುವಿಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸಿ ಹೊರಗೆ ಬಂದೆ.

ಬಾಗಿಲಲ್ಲಿ ಮುನಿಯಪ್ಪ ನಿಂತಿದ್ದರು.

"ಇನ್ನೂ ಇದೀರಾ? ಮನೆಗ್ ಹೋಗಲ್ವಾ?"

"ಬದಲಿ ಬಂದಿಲ್ಲ ಮೇಡಂ."

ಚೀಲ ಕೆಳಗಿಟ್ಟೆ. "ನಿಮ್ಮ ಫೈಲು?"

ಅವರು ಶರ್ಟಿನ ಒಳಗೆ ಕೈ ಹಾಕಿ ತೆಗೆದರು. ಬೆವರಿಗೆ ಅಂಚು ಒದ್ದೆಯಾಗಿತ್ತು. "ನೀವ್ ಬಂದು ತಗೋತೀನಿ ಅಂದಿದ್ರಿ" ಎಂದರು. ಆಕ್ಷೇಪಣೆಯ ಒಂದು ಎಳೆಯೂ ಆ ದನಿಯಲ್ಲಿ ಇರಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಒಂಬತ್ತು ಗಂಟೆ ಕಾಲ ಆ ಮನುಷ್ಯ ನೀರು ಕುಡಿಯದೆ ನಿಂತು ಉಳಿದವರ ಮಕ್ಕಳ ಅರ್ಜಿಗಳನ್ನೆಲ್ಲ ಒಳಗೆ ಬಿಟ್ಟಿದ್ದರು, ತಮ್ಮ ಮಗಳದ್ದೊಂದನ್ನು ಎದೆಯಲ್ಲಿಟ್ಟುಕೊಂಡು.

"ಬನ್ನಿ ನನ್ ಜೊತೆ, ಮಸ್ತಾನ್‌ನ ಹಿಡೀಬೇಕು" ಎಂದೆ. ಅವರು ಕದಲಲಿಲ್ಲ. ಬದಲಿ ಬಾರದೆ ಪಹರೆ ಬಿಡುವಂತಿಲ್ಲ. ನಾನೇ ಹಾಕಿದ ಪಹರೆ, ನಾನೇ ಬಿಡ್ತೀನಿ, ಹೊರಡಿ ಎಂದೆ. "ಯಾರಾದ್ರೂ ನಿಂತ್ಕೋಬೇಕು ಮೇಡಂ" ಎಂದರು. ವಾದ ಮಾಡುತ್ತ ನಿಂತರೆ ಲಕೋಟೆ ಮುಟ್ಟಿಬಿಡುತ್ತದೆ. ನಾನೊಬ್ಬಳೇ ಓಡಿದೆ, ಆಟೋ ಹಿಡಿದೆ.

ಮಸ್ತಾನ್‌ಗೆ ಒಂದು ಕೆಟ್ಟ ಚಾಳಿ. ಎಷ್ಟೇ ತುರ್ತಿನ ಕಾಗದವಿದ್ದರೂ ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಒಂದು ಅಂಗಡಿಯಲ್ಲಿ ಚಹಾ ಕುಡಿಯದೆ ಮುಂದೆ ಹೋಗುತ್ತಿರಲಿಲ್ಲ. ಅದಕ್ಕಾಗಿ ನಾನು ಅವನಿಗೆ ಎರಡು ಸಲ ಮೆಮೊ ಕೊಡಿಸಿದ್ದೆ. ಅವತ್ತು ಆಟೋದಲ್ಲಿ ಕೂತು, ದೇವರೇ, ಅವನು ಸುಧಾರಿಸಿರದಿರಲಿ ಎಂದು ಬೇಡಿಕೊಂಡೆ. ಸುಧಾರಿಸಿರಲಿಲ್ಲ. ಬನ್ನನ್ನು ಚಹಾದಲ್ಲಿ ಅದ್ದುತ್ತಿದ್ದ, ಲಕೋಟೆ ಸಾಸರಿನ ಪಕ್ಕದಲ್ಲಿತ್ತು. ನನ್ನನ್ನು ಕಂಡದ್ದೇ ಬನ್ನು ಚಹಾದಲ್ಲಿ ಮುಳುಗಿತು. "ಮೇಡಂ, ಖಸಮ್ ಸೇ, ಅಭೀ ಬೈಠಾ!" ಎಂದ, ಈಗಷ್ಟೇ ಕೂತನಂತೆ. ಅವತ್ತಿನ ಚಹಾ ನನ್ನ ಲೆಕ್ಕದಲ್ಲೇ ಆಗಲಿ ಎಂದು ಅವನನ್ನೂ ಸೈಕಲ್ಲನ್ನೂ ಆಟೋಗೆ ತುಂಬಿಕೊಂಡು ವಾಪಸ್ ಬಂದೆ.

ಕರ್ನಲ್ ಸಾಹೇಬರು ಇನ್ನೂ ತಮ್ಮ ಕೋಣೆಯಲ್ಲಿದ್ದರು. ಮೊಹರು ಒತ್ತಿದ ಲಕೋಟೆಯನ್ನು ಅವರ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಸಾಹೇಬರು ಒಮ್ಮೆ ಒತ್ತಿದ ಮೊಹರು ಒಡೆದವರೇ ಅಲ್ಲ, ಗೆರೆ ದಾಟಿದವರೂ ಅಲ್ಲ.

"ಪಹರೆಗೆ ಹಾಕಿದ್ದು ಯಾರು?"

"ನಾನು ಸರ್."

"ಬದಲಿ ಕಳಿಸ್ಬೇಕಾಗಿದ್ದು?"

"ನಾನೇ ಸರ್."

ಅವರು ಎದ್ದು ಬಾಗಿಲಿಗೆ ಹೋದರು. ನಾನೂ ಮಸ್ತಾನೂ ಹಿಂದೆ. ಮುನಿಯಪ್ಪ ಸೆಟೆದು ನಿಂತರು. "ನಾಯಕ್, ಐದು ಗಂಟೆಗೆ ಎಲ್ಲಿದ್ದೆ?"

"ಇಲ್ಲೇ ಸಾಬ್."

"ಬೆಳಿಗ್ಗೆ ಎಂಟೂವರೆಗೆ?"

"ಇಲ್ಲೇ ಸಾಬ್."

"ನಿನ್ನ ಮುಂದೆ ಯಾರಿದ್ರು?"

"ಯಾರೂ ಇಲ್ಲ ಸಾಬ್. ಬಾಗಿಲು ಇತ್ತು."

ಸಾಹೇಬರು ನನ್ನ ಕಡೆ ತಿರುಗಿದರು. "ಗೆರೆ ಎಳೆದಾಗ ಇವ್ನು ಸಾಲಿನ ತಲೆಯಲ್ಲಿದ್ದ. ಅರ್ಜಿ ಕೊಡಕ್ಕೆ ನಾವೇ ಬಿಡ್ಲಿಲ್ಲ. ಸೀರಿಯಲ್ ನಂಬರ್ ವನ್, ಮಿಸೆಸ್ ರತ್ನಾ."

ನಾನು ಮೆಲ್ಲಗೆ, "ಸರ್, ಸೀಟ್ ಕೊಡೋದು ಅಂಕ ನೋಡಿ. ಕೊನೇಲಿ ಅರವತ್ತನಾಲ್ಕು ಅಂತ ಒಂದು ಸಾಲು ಸೇರಿಸಿದ್ರೆ ಸಾಕು. ಒಂದನೇ ನಂಬರ್ ಅಂದ್ರೆ ಇಡೀ ಪಟ್ಟಿ ಮತ್ತೆ ಟೈಪ್ ಮಾಡ್ಬೇಕು" ಎಂದೆ.

"ಐ ನೋ. ನಂಬರ್ ಅವನಿಗೆ. ಟೈಪಿಂಗ್ ನಿಮಗೆ."

ಆಮೇಲೆ ಅವರು ಮಾಡಿದ್ದನ್ನು ನಾನು ಬದುಕಿರುವವರೆಗೂ ಮರೆಯಲಾರೆ. ಮುನಿಯಪ್ಪನವರ ಪಕ್ಕ ಹೋಗಿ, ಬಾಗಿಲಿಗೆ ಬೆನ್ನು ಮಾಡಿ ನಿಂತು, "ನಾನು ನಿಂತಿದೀನಿ. ನೀನು ಹೋಗು" ಎಂದರು. ಮುನಿಯಪ್ಪ ಸಲ್ಯೂಟ್ ಹೊಡೆದು, ಒಂಬತ್ತು ಗಂಟೆಯ ಮೇಲೆ ಮೊದಲ ಸಲ ಕಾಲೆತ್ತಿ ಒಳಗೆ ಬಂದರು. ಬೆಂಚಿನಲ್ಲಿ ಕೂತು ಒಂದು ಹೂಜಿ ನೀರು ಕುಡಿದರು. ನಾನು ಟೈಪ್ ಮಾಡಿದೆ. ಅರವತ್ತನಾಲ್ಕು ಹೆಸರು, ಮೂರು ಪ್ರತಿ, ಅಷ್ಟು ವೇಗವಾಗಿ ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಇಲ್ಲ. ಅಷ್ಟು ಹೊತ್ತೂ ಕರ್ನಲ್ ಬಾಗಿಲಲ್ಲೇ ನಿಂತಿದ್ದರು, ಸಹಿ ಹಾಕಲು ಪಟ್ಟಿಯನ್ನೇ ಅಲ್ಲಿಗೆ ತರಿಸಿಕೊಂಡರು. ಕೊನೆಗೆ ತಮ್ಮ ಹಳೇ ಕಾರಿನಲ್ಲಿ ಮಸ್ತಾನ್‌ನನ್ನು ಕೂರಿಸಿಕೊಂಡು ತಾವೇ ಹೊರಟರು. ಏಳಕ್ಕೆ ಐದು ನಿಮಿಷವಿದ್ದಾಗ ಲಕೋಟೆ ಮುಟ್ಟಿತಂತೆ. ದಾರಿಯಲ್ಲಿ ಮಸ್ತಾನ್ ಚಹಾದ ಮಾತು ಎತ್ತಲಿಲ್ಲ.

ಭಾಗ್ಯಳಿಗೆ ಸೀಟು ಸಿಕ್ಕಿತು. ಹೆಬ್ಬಾಳದ ಕಡೆ ಹಾಸ್ಟೆಲ್ಲು. ಆಷಾಢ ಕಳೆದ ಮೇಲೆ ಅವಳ ಸೋದರತ್ತೆಯ ಮಗನಿಗೆ ಬೇರೆ ಹುಡುಗಿಯ ಜೊತೆ ಮದುವೆಯಾಯಿತು. ಎರಡನೇ ಬೈಕು ಹೆಂಡತಿ ಓಡಿಸುತ್ತಾಳೆಂದು ಮುನಿಯಪ್ಪ ಹೇಳಿದಾಗ ಆ ಹುಡುಗನ ಬಗ್ಗೆ ನನಗೆ ಗೌರವ ಬಂತು.

ಆ ಘಟನೆಯ ಮುಂದಿನ ವಾರವೇ ಟೋಕನ್ ಪದ್ಧತಿ ತಂದೆವು. ಮಸ್ತಾನ್ ಗುಜರಿಯಿಂದ ಒಂದು ಚೀಲ ಅಲ್ಯುಮಿನಿಯಂ ಬಿಲ್ಲೆ ತಂದ, ಯಾವುದೋ ಮುಚ್ಚಿಹೋದ ಸೈಕಲ್ ಸ್ಟ್ಯಾಂಡಿನವು. ಕೈಯಲ್ಲಿ ನಂಬರು ಬಂದ ಮೇಲೆ ಸುಬೇದಾರರು ಹವಾಲ್ದಾರರು ಎಲ್ಲ ಬರೀ ನಂಬರಾದರು. ಆಮೇಲೆ ಕಂಪ್ಯೂಟರ್ ಬಂತು, ನಮಗಿಲ್ಲದ ಏಸಿಯನ್ನು ಅದಕ್ಕೆ ಹಾಕಿದರು. ಒಂದು ಗುಂಡಿ ಒತ್ತಿದರೆ ಅರವತ್ತನಾಲ್ಕು ಹೆಸರು ತಾನೇ ಸರಿದು ಕೂರುತ್ತಿತ್ತು. ಅನುಕೂಲವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ವರ್ಷದ ಪಟ್ಟಿ ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ, ಕಂಪ್ಯೂಟರ್ ಬಂದ ಮೇಲಿನ ಒಂದು ಹೆಸರೂ ನೆನಪಿಲ್ಲ.

ಹೊಸದಾಗಿ ಸೇರಿದವರಿಗೆ ನಾನು ಕೊಡಬಹುದಾದ ಸಲಹೆ ಒಂದೇ. ನಿಮ್ಮ ಮುಂದೆ ಗದ್ದಲ ಮಾಡುವವರ ಕೆಲಸ ಹೇಗೂ ಆಗುತ್ತದೆ. ಮಧ್ಯಾಹ್ನ ಒಮ್ಮೆ ಎದ್ದು ಬಾಗಿಲ ತನಕ ಹೋಗಿ, ಸದ್ದಿಲ್ಲದೆ ಯಾರು ನಿಂತಿದ್ದಾರೆ ನೋಡಿ ಬನ್ನಿ.

ಎರಡು ಸಾವಿರದ ದಶಕ ಮುಗಿಯುವ ಮೊದಲು ನನ್ನ ನಿವೃತ್ತಿಯ ದಿನ ಬಂತು. ಗಂಧದ ಹಾರ, ಗೋಡೆ ಗಡಿಯಾರ, ನನ್ನನ್ನು ಆರು ತಿಂಗಳಷ್ಟೇ ನೋಡಿದ್ದ ಅಧಿಕಾರಿಯಿಂದ ದೀರ್ಘ ಭಾಷಣ. ಎಲ್ಲ ಮುಗಿಸಿ ಐದಕ್ಕೆ ಹೊರಗೆ ಬಂದರೆ ಬಾಗಿಲಲ್ಲಿ ಮುನಿಯಪ್ಪ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೂಟು ಮಾತ್ರ ಹಾಗೇ ಹೊಳೆಯುತ್ತಿತ್ತು. ಗೇಟಿನ ಹತ್ತಿರ ಸ್ಕೂಟರಿಗೆ ಒರಗಿ ಭಾಗ್ಯ ನಿಂತಿದ್ದಳು. ಡಾಕ್ಟರ್ ಭಾಗ್ಯ ಅನ್ನಬೇಕು. ಟೆಕ್ ಪಾರ್ಕಿನ ಗೋಡೆಗಳ ಹಿಂದೆ ಉಳಿದಿದ್ದ ಕೊಟ್ಟಿಗೆಗಳಿಗೆಲ್ಲ ಅವಳೇ ವೈದ್ಯೆ.

ಮುನಿಯಪ್ಪ ಹಿಮ್ಮಡಿ ಕೂಡಿಸಿ ಸಲ್ಯೂಟ್ ಹೊಡೆದರು. ಬಾಗಿಲಿಗೆ ಬೆನ್ನು ಮಾಡಿ ನಿಂತು, "ನಾನು ನಿಂತಿದೀನಿ ಮೇಡಂ. ನೀವ್ ಹೋಗಿ" ಎಂದರು.

ಭಾಷಣಕ್ಕೆ ಬಾರದ ಅಳು ಆಗ ಬಂತು. ಕೈಮುಗಿದು, ಗಡಿಯಾರವನ್ನು ತಬ್ಬಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸು ಹಲಸೂರು ಕೆರೆ ದಾಟುವಾಗ ಕಂಡಕ್ಟರ್ ಟಿಕೆಟ್ ಕೇಳಿದ. ಚಿಲ್ಲರೆಗೆ ಕೈ ಹಾಕಿದವಳಿಗೆ ಹೊಡೆದ ಹಾಗೆ ನೆನಪಾಯಿತು. ಮುನಿಯಪ್ಪನವರಿಗೆ ಬದಲಿ ಯಾರು?

ಮುಂದಿನ ಸ್ಟಾಪಿನಲ್ಲಿ ಇಳಿದು ಆಟೋ ಹಿಡಿದು ಓಡಿ ಬಂದೆ. ಆಫೀಸಿನ ದೀಪ ಆರಿತ್ತು. ಮುನಿಯಪ್ಪ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದರು. ಏದುಸಿರು ಬಿಡುತ್ತ ಅವರ ಪಕ್ಕ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು, "ನಾನ್ ನಿಂತಿದೀನಿ. ನೀವ್ ಹೋಗ್ರೀ" ಎಂದೆ.

ಭಾಗ್ಯ ಗೇಟಿನಿಂದ ನಗುತ್ತ ಬಂದಳು. "ಸೋತ್ಬಿಟ್ಟೆ ಮೇಡಂ. ಈ ಸಲಾನೂ ಮರೀತಾರೆ, ನಡಿಯಪ್ಪ ಹೋಗಣ ಅಂದೆ. ಇಲ್ಲ, ಅವ್ರು ಬರ್ತಾರೆ, ಚಹಾಕ್ಕೆ ಪಂದ್ಯ ಅಂದ್ರು."

ಮುನಿಯಪ್ಪ ಕಾಲು ಸಡಿಲಿಸಿ, ಮೊದಲ ಬಾರಿಗೆ ನನ್ನ ಎದುರು ನಕ್ಕರು. "ಹೋದ್ಸಲಕ್ಕಿಂತ ಬೇಗ ಬಂದ್ರಿ ಮೇಡಂ" ಎಂದರು.